ಸಾವಧಾನ್ ನಿಂತ ಮನೆ

ನಮ್ಮೂರಿನಲ್ಲಿ ಮನೆ ನೋಡಲು ಹೋಗುವವರು ಮೊದಲೇ ಹೇಳಿ ಹೋಗುವುದಿಲ್ಲ. ಹೇಳಿದರೆ ಮನೆಗೆ ಗೊತ್ತಾಗಿಬಿಡುತ್ತದೆ. ಗೊತ್ತಾದ ಮನೆ ಬೆಳಗ್ಗೆಯಿಂದಲೇ ಹೊಟ್ಟೆ ಒಳಗೆಳೆದುಕೊಂಡು, ಎದೆ ಉಬ್ಬಿಸಿ, ಉಸಿರು ಬಿಗಿಹಿಡಿದು ನಿಂತಿರುತ್ತದೆ. ಹಾಗೆ ನಿಂತ ಮನೆಯ ಹಾಲ್ ಅಗಲವಾಗುತ್ತದೆ, ಗೋಡೆಯ ಬಿರುಕು ಕೂಡಿಕೊಳ್ಳುತ್ತದೆ, ಚಾವಣಿಯ ತೇವ ಒಳಗೆಲ್ಲೋ ಹೋಗಿ ಅಡಗಿಕೊಳ್ಳುತ್ತದೆ. ನೋಡಲು ಬಂದವರು ಮರುಳಾಗಿ ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ. ತಾಂಬೂಲ ಕೈಗೆ ಬಂತೆಂದರೆ ಮುಗಿಯಿತು, ಆಮೇಲೆ ಮನೆ ಏನೇ ಆಗಲಿ, ಅದು ನಿಮ್ಮದು. ಗೃಹಪ್ರವೇಶದ ಊಟ ಮುಗಿದು ನೆಂಟರು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಮನೆ ಮೆಲ್ಲಗೆ ಉಸಿರು ಬಿಡುತ್ತದೆ.

ಅಪ್ಪನ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಹೀಗೆಯೇ ಮೂರು ಕೋಣೆಯ ಮನೆ ಕೊಂಡಿದ್ದರು. ಈಗ ಆ ಮೂರನೆಯ ಕೋಣೆ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಅವರು ಬೀಗದ ಕೈ ಇಡುತ್ತಾರೆ. ಆದರೂ ಮನೆಗೆ ಬಂದವರ ಎದುರು ಮಾತ್ರ, "ಕೀ ನೋಡಿ, ಆ ರೂಮಲ್ಲಿದೆ," ಎಂದೇ ಹೇಳುತ್ತಾರೆ.

ಇಂಥ ಪೆಟ್ಟು ತಿಂದೂ ತಿಂದೂ ಊರಿನವರು ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಮನೆ ನೋಡಲು ಹೋಗುವಾಗ ಜೊತೆಗೆ ಬೈಯುವವರೊಬ್ಬರು, ನಗಿಸುವವರೊಬ್ಬರು ಇರಲೇಬೇಕು. ಬೈದರೆ ಮನೆಗೆ ಅವಮಾನವಾಗಿ ಹೆಗಲು ಇಳಿಯುತ್ತದೆ. ನಕ್ಕರೆ ಉಸಿರು ಹಿಡಿಯಲಾಗದೆ ಹೊಟ್ಟೆ ಹೊರಗೆ ಬರುತ್ತದೆ. ಮನೆಯ ಎದುರು ಮನೆಯನ್ನು ಹೊಗಳುವುದಂತೂ ಕೂಡದು, ಅದು ಇನ್ನಷ್ಟು ಉಬ್ಬುತ್ತದೆ.

ಬೈಯುವುದಕ್ಕೆ ನಮ್ಮಲ್ಲಿ ಹೊರಗಿನವರನ್ನು ಕರೆಯಬೇಕಾಗಿಲ್ಲ. ಅಪ್ಪನ ಅಕ್ಕ ಚೂಡಾಮಣಿ, ನಮ್ಮ ಚೂಡತ್ತೆ, ನಮ್ಮ ಜೊತೆಯಲ್ಲೇ ಇದ್ದಾಳೆ. ಊರಿನ ಬೇರೆ ಬೀದಿಯವರು ಆಟೋ ಕಳಿಸಿ ಅವಳನ್ನು ಕರೆಸಿಕೊಳ್ಳುತ್ತಾರೆ. ಒಮ್ಮೆ ಅವಳು ಒಂದು ಮಹಡಿ ಮನೆಯನ್ನು ಎಷ್ಟು ಬೈದಳೆಂದರೆ ಅದು ಅಳುತ್ತಾ ತನ್ನ ಸೋರುವ ಜಾಗಗಳನ್ನೆಲ್ಲ ತಾನೇ ತೋರಿಸಿತಂತೆ. ನಗಿಸುವುದಕ್ಕೆ ನಾನು, ಚಿತ್ಕಲಾ, ಬಿ.ಕಾಂ. ಎರಡನೇ ವರ್ಷ. ಕ್ಲಾಸಿನಿಂದ ಹೊರಗೆ ಕಳಿಸಿದರೆ ಕಾರಿಡಾರಿನ ಕಂಬಗಳನ್ನು ನಗಿಸಿಕೊಂಡು ನಿಂತಿರುತ್ತೇನೆ ಎಂದು ಹೆಸರು ಪಡೆದವಳು.

ಬಾಡಿಗೆ ಮನೆಗಳಿಗೆ ಈ ತಾಪತ್ರಯ ಇಲ್ಲ. ಯಾರು ಬಂದರೇನು, ಹೋದರೇನು, ಲುಂಗಿ ಸಡಿಲಿಸಿ ಕೂತ ಹಾಗೆ ಕೂತಿರುತ್ತವೆ. ನಾವಿದ್ದ ಬಾಡಿಗೆ ಮನೆಯೂ ಹಾಗೆಯೇ ವರ್ಷ ವರ್ಷ ಕುಸಿಯುತ್ತಾ ಬಂದು, ಅದರಲ್ಲೂ ಅಡುಗೆಮನೆಯ ಚಾವಣಿ ತೀರಾ ಕೆಳಗಿಳಿದಿತ್ತು. ಅಮ್ಮ ಮದುವೆಯಾಗಿ ಬಂದಾಗಿನಿಂದ ಅಲ್ಲಿ ಬಗ್ಗಿಯೇ ಅಡುಗೆ ಮಾಡಿದವಳು. ಮೊದಲು ಕತ್ತು ಬಗ್ಗಿತು, ಆಮೇಲೆ ಬೆನ್ನು. ಈಚೆಗೆ ಬೀದಿಯಲ್ಲಿ ನಡೆಯುವಾಗಲೂ ತಲೆಯ ಮೇಲೆ ಚಾವಣಿ ಇದೆಯೇನೋ ಎನ್ನುವಂತೆ ನಡೆಯುತ್ತಿದ್ದಳು. ಡಾಕ್ಟರು, "ಇನ್ನೂ ಹೀಗೇ ಬಗ್ಗಿದ್ರೆ ಬೆನ್ನು ಹಾಗೇ ಕೂತುಬಿಡುತ್ತೆ, ಆಮೇಲೆ ನನ್ನ ಕೈಲಿ ಏನೂ ಆಗಲ್ಲ," ಎಂದು ಹೇಳಿದ ದಿನ ಅಪ್ಪ ಮನೆ ಕೊಳ್ಳುವ ನಿರ್ಧಾರ ಮಾಡಿದ.

ಎಂಥ ಮನೆ ಬೇಕು ಎಂದು ಮಾತು ಬಂದಾಗ ಅಪ್ಪನಿಗೆ ದೊಡ್ಡ ಹಾಲ್ ಬೇಕಿತ್ತು, ಅತ್ತೆಗೆ ಬೀದಿ ಕಾಣುವ ಕಿಟಕಿ ಬೇಕಿತ್ತು, ನನಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ ಬೇಕಿತ್ತು. ಅಮ್ಮನನ್ನು ಕೇಳಿದರೆ, "ನಂಗೇನೂ ಬೇಡಪ್ಪ. ನೆಟ್ಟಗೆ ನಿಂತು ಒಂದು ಒಗ್ಗರಣೆ ಹಾಕೋ ಹಂಗಿದ್ರೆ ಸಾಕು," ಎಂದಳು.

ಒಂದು ಭಾನುವಾರ, ಯಾರಿಗೂ ಹೇಳದೆ ಕೇಳದೆ, ತುಂಗಮ್ಮನವರ ಮನೆ ಬಾಗಿಲು ತಟ್ಟಿದೆವು. ತುಂಗಮ್ಮ ಗುಂಡುಗುಂಡಾಗಿದ್ದ, ಚುರುಕು ಕಣ್ಣಿನ ಮುದುಕಿ. ಪಕ್ಕದ ಊರಿನ ತಂಗಿಯ ಜೊತೆ ಇರಲು ಹೋಗುತ್ತೇನೆಂದು ಮನೆ ಮಾರಾಟಕ್ಕೆ ಇಟ್ಟಿದ್ದರು.

"ಅಯ್ಯೋ, ನೀವು ಬರ್ತೀರ ಅಂತ ಗೊತ್ತೇ ಇರ್ಲಿಲ್ಲ ನೋಡಿ," ಎಂದರು. ಕಾಫಿ ಲೋಟಗಳು ಆಗಲೇ ತಟ್ಟೆಯಲ್ಲಿ ಸಾಲಾಗಿ ಕೂತಿದ್ದವು.

ಮನೆ ನಿಂತಿದ್ದ ರೀತಿ ನೋಡಿ ನಾನು ಹೊಸ್ತಿಲಲ್ಲಿ ಚಪ್ಪಲಿ ಬಿಡುವುದನ್ನೇ ಮರೆತೆ. ಹಾಲ್ ಎಂದರೆ ಈ ಕಡೆಯಿಂದ ಕೂಗಿದರೆ ಆ ಕಡೆಗೆ ಸ್ವಲ್ಪ ತಡವಾಗಿ ಕೇಳುವಷ್ಟು ದೊಡ್ಡದು. ಗೋಡೆಯಲ್ಲಿ ಒಂದು ಗೀರಿಲ್ಲ, ಬಾಗಿಲಲ್ಲಿ ಒಂದು ಸದ್ದಿಲ್ಲ. ಚೂಡತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಲಸ ಶುರು ಮಾಡಿದಳು.

"ಇದೇನು ಮನೆನೋ, ಬಸ್ಸೇ ಬರದ ಬಸ್‌ಸ್ಟ್ಯಾಂಡೋ ತುಂಗಮ್ಮಾ?"

"ಬಸ್ ಬರದಿದ್ರೂ ನೀವು ಬಂದ್ರಲ್ಲ ಚೂಡಕ್ಕ, ಅದೇ ಸಂತೋಷ."

"ಈ ಬಾಗಿಲಿಗೆ ಬಣ್ಣ ಹೊಡೆದೋನು ಕಣ್ಣು ಮುಚ್ಕೊಂಡು ಹೊಡೆದ್ನಾ?"

"ಇಲ್ಲ ಕಣಕ್ಕ, ನೀವು ಉಟ್ಟಿದ್ದೀರಲ್ಲ, ಅಂಥದ್ದೇ ಸೀರೆ ಒಂದು ಮುಂದಿಟ್ಕೊಂಡು ಹೊಡೆದ."

ಅತ್ತೆ ಸೆರಗನ್ನು ಸೊಂಟದಿಂದ ಬಿಡಿಸಿ, ಮತ್ತೆ ಸಿಕ್ಕಿಸಿಕೊಂಡಳು. ಇಷ್ಟು ವರ್ಷದಲ್ಲಿ ಅವಳಿಗೆ ಸರಿಸಮ ಸಿಕ್ಕಿದ್ದು ಇದೇ ಮೊದಲು. ಮನೆ ಮಾತ್ರ ಅಲ್ಲಾಡಲಿಲ್ಲ.

ನನ್ನ ಸರದಿ ಬಂತು. ಹಾಲಿನ ನಡುವಿನ ಕಂಬಕ್ಕೆ ಒರಗಿ, ಅದಕ್ಕೆ ಮಾತ್ರ ಕೇಳುವಂತೆ, ನಮ್ಮ ಬಾಡಿಗೆ ಮನೆಗೆ ಬಂದ ಕಳ್ಳನ ಕಥೆ ಹೇಳಿದೆ. ಕತ್ತಲಲ್ಲಿ ಒಳಗೆ ಬಂದ ಕಳ್ಳ ಅಡುಗೆಮನೆ ಚಾವಣಿಗೆ ತಲೆ ಹೊಡೆಸಿಕೊಂಡು ಕೂತುಬಿಟ್ಟ. ಅಮ್ಮ ಎದ್ದು ಅವನ ಬುರುಡೆಗೆ ಎಣ್ಣೆ ಹಚ್ಚಿದಳು. ಹೋಗುವಾಗ ಅವನು, "ಅಕ್ಕಾ, ಈ ಮನೇಲಿ ಕದಿಯೋದಿರ್ಲಿ, ವಾಸ ಮಾಡೋಕೇ ಧೈರ್ಯ ಬೇಕು," ಎಂದು ಬಾಗಿಲೆಳೆದುಕೊಂಡು ಹೋದ. ತುಂಗಮ್ಮನವರಿಗೇ ನಗು ಬಂದು ಸೆರಗು ಬಾಯಿಗೆ ಒತ್ತಿಕೊಂಡರು. ಕಂಬ ಕಂಬದ ಹಾಗೆ ನಿಂತಿತ್ತು.

ಆಗ ಅಪ್ಪ ಆ ತಪ್ಪು ಮಾಡಿದ. ನಮ್ಮಪ್ಪ ರುದ್ರಸ್ವಾಮಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಮದುವೆಗೆ ಹೋದರೂ ಕೊರಳಲ್ಲಿ ಸೀಟಿ ಇರುತ್ತದೆ. ಅವನ ಕಣ್ಣಿಗೆ ಲೋಕದಲ್ಲಿ ಎರಡೇ ಥರದ ಜನ, ನೆಟ್ಟಗೆ ನಿಲ್ಲುವವರು ಮತ್ತು ನಿಲ್ಲದವರು. ಹಾಲಿನ ನಡುವೆ ನಿಂತು ನಾಲ್ಕೂ ಗೋಡೆಯನ್ನು ಕಣ್ತುಂಬ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಹೆಂಗೆ ನಿಂತಿದೆ ನೋಡ್ರೇ. ನಮ್ಮ ಎಂಟನೇ ಕ್ಲಾಸ್ ಬಿ ಸೆಕ್ಷನ್ ಒಂದಿನ ಹಿಂಗೆ ನಿಂತಿಲ್ಲ," ಎಂದುಬಿಟ್ಟ.

ಅತ್ತೆ ಹಣೆ ಚಚ್ಚಿಕೊಂಡಳು. ಮನೆ ಇನ್ನೊಂದು ಗುಟುಕು ಗಾಳಿ ಎಳೆದುಕೊಂಡಿತು. ಅಪ್ಪ ಕೂರಲು ಹೋಗುತ್ತಿದ್ದ ಸೋಫಾ ಅಷ್ಟು ದೂರ ಹಿಂದಕ್ಕೆ ಹೋಯಿತು, ಅವನು ಸಾವರಿಸಿಕೊಂಡು ಅದರ ಹಿಂದೆಯೇ ನಡೆದ.

ನಾನು ಅಮ್ಮನನ್ನು ಹುಡುಕಿಕೊಂಡು ಅಡುಗೆಮನೆಗೆ ಹೋದೆ. ಅವಳು ಕಟ್ಟೆಯ ಎದುರು ಸುಮ್ಮನೆ ನಿಂತಿದ್ದಳು. ಮೊದಲು ಅಭ್ಯಾಸದಂತೆ ಬಗ್ಗಿದ್ದಳು. ಆಮೇಲೆ ಕತ್ತು ಎತ್ತಿದಳು, ಬೆನ್ನನ್ನು ಸ್ವಲ್ಪ ಸ್ವಲ್ಪವಾಗಿ, ಮಡಚಿಟ್ಟ ರೇಷ್ಮೆ ಸೀರೆ ಬಿಡಿಸುವ ಹಾಗೆ, ಬಿಡಿಸಿದಳು. ಕೈ ಮೇಲೆತ್ತಿದಳು. ಚಾವಣಿ ಸಿಗಲಿಲ್ಲ. ಅಮ್ಮ ಅಷ್ಟು ಎತ್ತರ ಇದ್ದಾಳೆ ಎನ್ನುವುದು ನನಗೆ ಗೊತ್ತಾದದ್ದು ಅವತ್ತೇ. ಅವಳು ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು, ಮತ್ತೆ ಬಗ್ಗಿ, ಒದ್ದೆಯಾದ ಸೆರಗಿನ ತುದಿ ಹಿಂಡಿಕೊಂಡು ಹೊರಗೆ ಬಂದಳು. ಸೆರಗು ಯಾಕೆ ಒದ್ದೆ ಎಂದು ನಾನು ಯೋಚಿಸಲಿಲ್ಲ.

ಹೊರಡುವಾಗ ತುಂಗಮ್ಮ, "ಇನ್ನೊಬ್ರು ಬಂದು ನೋಡ್ಕೊಂಡು ಹೋಗವ್ರೆ. ತುಂಬಾ ಇಷ್ಟ ಪಟ್ರು. ಶುಕ್ರವಾರ ಒಳ್ಳೇ ದಿನ, ಅಷ್ಟರಲ್ಲಿ ಹೇಳಿ," ಎಂದರು. ಇನ್ನೊಬ್ಬರು ಯಾವಾಗಲೂ ಇರುತ್ತಾರೆ, ಅವರನ್ನು ಈ ಊರಿನಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ. ಅದು ಅಪ್ಪನಿಗೂ ಗೊತ್ತು. ಆದರೂ ಬೀದಿ ತಿರುವು ದಾಟುವ ಮೊದಲೇ, "ಶುಕ್ರವಾರ ತಾಂಬೂಲ ತಗೊಂಡ್ಬಿಡೋಣ," ಎಂದ.

ನನಗೆ ಬೇರೆಯೇ ಯೋಚನೆ. ಆ ಮನೆ ಉಸಿರು ಬಿಟ್ಟರೆ ಅಡುಗೆಮನೆ ಎಲ್ಲಿಗೆ ಇಳಿಯುತ್ತದೋ. ಒಂದು ಸಲ ನೋಡಿ ಬಂದು ಮನೆ ಕೊಂಡವರೆಲ್ಲ ಈಗ ಹೇಗೆ ಬಾಳುತ್ತಿದ್ದಾರೆ ಎಂದು ಊರೆಲ್ಲ ನೋಡುತ್ತಿದೆ. ಅದಕ್ಕೆ ಮರುದಿನ ಕಾಲೇಜು ಮುಗಿಸಿ, ಕೊಡೆ ಮರೆತು ಬಂದೆ ಎನ್ನುವ ನೆಪ ಹಿಡಿದು ಒಬ್ಬಳೇ ಹೋದೆ. ಮೊದಲು ಪಕ್ಕದ ಮನೆಯ ಕಾಂಪೌಂಡಿನಲ್ಲಿ ಸಂಡಿಗೆ ಕಾಯುತ್ತಿದ್ದ ಹೆಂಗಸನ್ನು ಮಾತಾಡಿಸಿದೆ.

"ಹೋದ ಹಬ್ಬದಿಂದ ಹಿಂಗೇ ನಿಂತದೆ ಕಣಮ್ಮ ಅದು," ಎಂದಳು ಆಕೆ, ಕಾಗೆ ಓಡಿಸುತ್ತಾ. "ರಾತ್ರಿನೂ ಉಸ್ರು ಬಿಡಲ್ಲ. ಯಾವಾಗ ಯಾರು ಬಂದ್ಬಿಡ್ತಾರೋ ಅಂತ. ನಮ್ಮನೆ ನೋಡು, ಆರಾಮಾಗಿ ಬಿದ್ಕೊಂಡದೆ. ಅದ್ರ ಕಷ್ಟ ನೋಡೋಕಾಗಲ್ಲ."

ತುಂಗಮ್ಮ ಕೊಡೆ ಹುಡುಕಲು ಒಳಗೆ ಹೋದಾಗ ನಾನು ಫೋನಿನಲ್ಲಿ ಇದ್ದಬದ್ದ ನಗೆ ವಿಡಿಯೋಗಳನ್ನೆಲ್ಲ ಗೋಡೆಗೆ ತೋರಿಸಿದೆ. ಚೀಲದಲ್ಲಿ ತಂದಿದ್ದ ನವಿಲುಗರಿಯಿಂದ ಕಿಟಕಿ ಸರಳುಗಳ ಸಂದಿಯಲ್ಲಿ ಕಚಗುಳಿ ಇಟ್ಟೆ. ಯಾವ ಮನೆಯೂ ತಡೆದುಕೊಳ್ಳದ ಜಾಗ ಅದು. ಏನೂ ಆಗಲಿಲ್ಲ. ಸೋತು ಗೋಡೆಗೆ ಬೆನ್ನು ಕೊಟ್ಟು ಕೂತೆ. ಆಗ ಬೆನ್ನಿಗೆ ಅದು ತಿಳಿಯಿತು. ತೀರಾ ಸಣ್ಣ ನಡುಕ. ಶೋಕೇಸಿನೊಳಗೆ ಲೋಟಕ್ಕೆ ಲೋಟ ತಾಕಿ ಸೂಜಿಯಂಥ ಸದ್ದು. ಸೋಫಾದ ಮೇಲೆ ಮಲಗಲು ಬಂದ ಬೆಕ್ಕು ಎರಡು ಸುತ್ತು ತಿರುಗಿ ಬೇಡವೆಂದು ಇಳಿದುಹೋಯಿತು.

ಆ ನಡುಕ ನನಗೆ ಗೊತ್ತಿತ್ತು. ಪಿ.ಟಿ. ಮೇಷ್ಟ್ರ ಮಗಳಾಗಿ ಪ್ರತಿ ಆಗಸ್ಟ್ ಹದಿನೈದಕ್ಕೂ ಮೊದಲ ಸಾಲಿನಲ್ಲಿ ನಿಂತವಳು ನಾನು. ಮುಖ್ಯ ಅತಿಥಿಗಳು ಬರುವುದು ತಡ, ಬಂದ ಮೇಲೆ ಭಾಷಣ. ಸಾವಧಾನ್ ನಿಂತ ಮಕ್ಕಳ ಮೊಣಕಾಲ ಹಿಂದೆ ಮೊದಲು ಹೀಗೆಯೇ ನಡುಕ ಹುಟ್ಟುತ್ತದೆ. ಆಮೇಲೆ ಒಬ್ಬೊಬ್ಬರೇ ಬೀಳುತ್ತಾರೆ.

ಮನೆಗೆ ಬಂದು ಹೇಳಿದೆ. ಅಪ್ಪ ಶೂಸಿಗೆ ಪಾಲಿಶ್ ಹಾಕುತ್ತಿದ್ದ. "ನಡುಕ ಅಲ್ಲ ಅದು, ಶಿಸ್ತು," ಎಂದ.

"ಇವನಿಗೆ ಏನು ಹೇಳಿದ್ರೂ ಅಷ್ಟೇ," ಎಂದಳು ಅತ್ತೆ. "ಹೆಣ್ಣು ನೋಡೋಕೆ ಹೋದಾಗ್ಲೂ ಇದೇ ಕಥೆ. ವನಜ ತಲೆ ತಗ್ಗಿಸ್ಕೊಂಡು ಕೂತೇ ಇದ್ಲು. ಎಬ್ಬಿಸಿ ನಿಲ್ಲಿಸಿ ನೋಡೋ ಅಂದೆ. ಬೇಡ ಅಕ್ಕ, ಕೂತಿರೋದೇ ಎಷ್ಟು ಶಿಸ್ತಾಗಿದೆ ಅಂದ."

"ಆಮೇಲೆ ಏನು ಮೋಸ ಆಯ್ತು ನಂಗೆ?" ಎಂದ ಅಪ್ಪ.

"ಮೋಸ ನಿಂಗಲ್ಲ ಕಣೋ ಆಗಿದ್ದು."

ತನ್ನ ಹೆಸರು ಕೇಳಿ ಅಮ್ಮ ಅಡುಗೆಮನೆಯಿಂದ ಬಗ್ಗಿಕೊಂಡೇ ಹೊರಗೆ ಬಂದಳು. ನಗುತ್ತಿದ್ದಳು. ನಾನು, "ಅಮ್ಮಾ, ನೀನಾದ್ರೂ ಹೇಳು. ಆ ಅಡುಗೆಮನೆ ಇಳಿದ್ಬಿಟ್ರೆ ನಿನ್ನ ಬೆನ್ನಿನ ಗತಿ?" ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಶುಕ್ರವಾರ ಹೋಗೋಣ," ಎಂದಳು, ಅಷ್ಟೇ. ನನಗೆ ಸಿಟ್ಟು ಬಂದು ಅವತ್ತು ಊಟಕ್ಕೆ ತಡವಾಗಿ ಹೋದೆ.

ಶುಕ್ರವಾರ ತುಂಗಮ್ಮ ಹೊಸ ಸೀರೆ ಉಟ್ಟಿದ್ದರು. ಮನೆ ಇನ್ನೂ ಬಿಗಿದುಕೊಂಡಿತ್ತು. ಹಾಲಿನ ಆ ಕೊನೆಯಲ್ಲಿ ಕೂತ ಅತ್ತೆ ನನಗೆ ಗೊಂಬೆಯಷ್ಟು ಕಾಣುತ್ತಿದ್ದಳು. ಅಲ್ಲಿಂದಲೇ ಅವಳು ಕೊನೆಯ ಪ್ರಯತ್ನ ಮಾಡಿದಳು: "ತುಂಗಮ್ಮಾ, ಈ ಮನೆ ನೋಡಿದ್ರೆ ಕನ್ನಡಿ ಮುಂದೆ ಹೊಟ್ಟೆ ಎಳ್ಕೊಂಡು ನಿಂತ ಮದುವೆ ಗಂಡಿನ ಹಂಗಿದೆ."

"ಮದುವೆ ಆಗೋವರ್ಗೂ ಎಲ್ರೂ ಹಂಗೇ ಅಲ್ವಾ ಅಕ್ಕ," ಎಂದರು ತುಂಗಮ್ಮ. ಆದರೆ ಈ ಸಲ ಅವರ ದನಿಯಲ್ಲಿ ಮೊದಲಿನ ಚುರುಕಿರಲಿಲ್ಲ.

ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಅಮ್ಮ ಎಲ್ಲಿ ಎಂದು ನೋಡಿದೆ. ಅಡುಗೆಮನೆ ಬಾಗಿಲಿನಲ್ಲಿ ಅವಳ ಸೆರಗಿನ ತುದಿ ಮಾಯವಾಯಿತು. ತುಂಗಮ್ಮ ತಟ್ಟೆ ಎತ್ತಿ ಅಪ್ಪನ ಮುಂದೆ ಹಿಡಿದರು. ಅಪ್ಪ ಎರಡೂ ಕೈ ಚಾಚಿದ.

ಪಕ್ಕದ ಟೀಪಾಯಿಯ ಮೇಲಿದ್ದ ಕಾಫಿ ಲೋಟ ತಾನಾಗಿಯೇ ಕಿಣಿಕಿಣಿ ಎಂದು ಅಂಚಿನ ಕಡೆಗೆ ಸರಿಯುತ್ತಿತ್ತು. ಅಪ್ಪ ಅದನ್ನು ನೋಡಿದ. ನೋಡಿ, ಕೈ ಹಾಗೆಯೇ ಗಾಳಿಯಲ್ಲಿ ಬಿಟ್ಟು, ಕಣ್ಣನ್ನು ನೆಲಕ್ಕೆ, ನೆಲದಿಂದ ಕಂಬಕ್ಕೆ, ಕಂಬದಿಂದ ತೊಲೆಗೆ ಏರಿಸಿದ. ತೊಲೆಯ ಮೂಲೆಯಲ್ಲಿ ಹಣೆಯ ಬೆವರಿನಂತೆ ಒಂದು ಹನಿ ಕೂತಿತ್ತು. ಆ ನೋಟ ನನಗೆ ಗೊತ್ತು. ಮೈದಾನದಲ್ಲಿ ಕೊನೆಯ ಸಾಲಿನ ಪುಟ್ಟ ಹುಡುಗಿಯೊಬ್ಬಳು ಬೀಳುವ ಮೊದಲೇ ಅವನು ಓಡುತ್ತಾನಲ್ಲ, ಆಗ ಇರುವ ನೋಟ.

"ಎಷ್ಟೊತ್ತಿಂದ ನಿಂತಿದೆ ಇದು?" ಎಂದು ಕೇಳಿದ.

ತುಂಗಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು.

ಅಪ್ಪ ಎದ್ದ. ಸೀಟಿ ತುಟಿಗಿಟ್ಟು ಒಂದು ಸಣ್ಣ ಊದು ಊದಿದ. ಆಮೇಲೆ, ಮಕ್ಕಳಿಗೆ ಹೇಳುವ ಆ ಎಳೆದ ದನಿಯಲ್ಲಿ, "ವಿಶ್ರಾಮ್," ಎಂದ.

ಮನೆ ಉಸಿರು ಬಿಟ್ಟಿತು. ಅಬ್ಬಾ, ಆ ಉಸಿರಿಗೆ ಕಾಂಪೌಂಡಿನಲ್ಲಿ ಒಣಗಿಸಿದ್ದ ಸಂಡಿಗೆಯೆಲ್ಲ ಹಾರಿಹೋಯಿತು ಎಂದು ಆಮೇಲೆ ಪಕ್ಕದ ಮನೆಯವಳು ಜಗಳಕ್ಕೆ ಬಂದಿದ್ದಳು. ಗೋಡೆಗಳು ನಾಲ್ಕೂ ಕಡೆಯಿಂದ ನಮ್ಮ ಕಡೆಗೆ ನಡೆದುಬಂದವು. ದೂರದಲ್ಲಿ ಗೊಂಬೆಯಷ್ಟಿದ್ದ ಅತ್ತೆ ಸೋಫಾ ಸಮೇತ ಸರಿದು ಬಂದು ಅಪ್ಪನ ಮೊಣಕಾಲಿಗೆ ಢಿಕ್ಕಿ ಹೊಡೆದಳು. ಫ್ಯಾನು ತುಂಗಮ್ಮನವರ ಮುಡಿಯ ಮೇಲೆ ಬಂದು ನಿಂತಿತು. ಬಿರುಕುಗಳು ಒಂದೊಂದಾಗಿ ಬಾಯಿ ತೆರೆದವು, ಅವುಗಳಿಂದ ಎಷ್ಟೋ ಕಾಲದಿಂದ ಕಾಣೆಯಾಗಿದ್ದ ಚಮಚ, ಬಾಚಣಿಗೆ, ಒಂದು ಹಲ್ಲುಸೆಟ್ಟು ಉದುರಿದವು. ಎರಡು ಕೋಣೆಗಳು ಪರಸ್ಪರ ಸರಿದು ಒಂದಾದವು. ಕೊನೆಗೆ ಕಂಬದೊಳಗಿಂದ ಖಿಕ್ ಎಂದು ಒಂದು ಸದ್ದು, ಹಿಂದೆಯೇ ಇಡೀ ಮನೆ ಕುಲುಕುಲು ಕುಲುಕಿತು. ಭಾನುವಾರ ಹೇಳಿದ ಕಳ್ಳನ ಕಥೆಗೆ ಅದು ಶುಕ್ರವಾರ ನಕ್ಕಿತ್ತು.

"ಅಮ್ಮಾ," ಎಂದು ನಾನು ಕೂಗಿದೆ.

ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಅಡುಗೆಮನೆಗೆ ಓಡಿದೆವು. ಓಡುವಷ್ಟು ಜಾಗವೇನೂ ಉಳಿದಿರಲಿಲ್ಲ, ಎರಡು ಹೆಜ್ಜೆಗೆ ತಲುಪಿದೆವು.

ಅಮ್ಮ ಕಟ್ಟೆಯ ಎದುರು ನೆಟ್ಟಗೆ ನಿಂತಿದ್ದಳು. ತಲೆಯ ಮೇಲೆ ಚಾವಣಿ ಭಾನುವಾರ ಇದ್ದಲ್ಲೇ ಇತ್ತು. ಕಟ್ಟೆಯ ಮೇಲಿನ ಹೊಗೆಯ ಕಲೆ, ಬಿರುಕು ಬಿಟ್ಟ ಕಲ್ಲು, ಅವತ್ತು ನಾನು ನೋಡಿಯೂ ಗಮನಿಸದ ಎಲ್ಲ ಹಾಗೆಯೇ. ನಲ್ಲಿ ತೊಟ್ಟಿಕ್ಕುತ್ತಿತ್ತು.

"ಇದು ಯಾಕೆ ಇಳಿದಿಲ್ಲ?" ಎಂದ ಅಪ್ಪ.

"ಹಿಡ್ಕೊಂಡಿದ್ರೆ ತಾನೆ ಇಳಿಯೋದು," ಎಂದಳು ಅಮ್ಮ. "ಮನೆ ನೋಡೋಕೆ ಬಂದ ಗಂಡಸ್ರೆಲ್ಲ ಹಾಲ್ ಅಳೆದ್ರು, ಕೋಣೆ ಅಳೆದ್ರು. ಅಡುಗೆಮನೇನ ಬಾಗಿಲಲ್ಲೇ ನಿಂತು ನೋಡಿ ಹೋದ್ರು. ಒಳಗೆ ಬರೋರೇ ಇಲ್ಲ ಅಂದ್ಮೇಲೆ ಇದು ಯಾರಿಗೋಸ್ಕರ ಹೊಟ್ಟೆ ಎಳ್ಕೊಳ್ಬೇಕು? ಮೊದಲ್ನೇ ದಿನಾನೇ ನಲ್ಲಿ ಸೋರ್ತಿತ್ತು, ನನ್ನ ಸೆರಗೆಲ್ಲ ಒದ್ದೆ. ಬೇರೆ ಎಲ್ಲೂ ಒಂದು ಹನಿ ಇಲ್ಲ, ಇಲ್ಲಿ ಮಾತ್ರ ಸೋರ್ತಿದೆ ಅಂದ್ರೆ ಇದೊಂದೇ ನಿಜ ಹೇಳ್ತಿದೆ ಅಂತ ಅರ್ಥ ಆಯ್ತು."

"ಹಂಗಾದ್ರೆ ಹೇಳ್ಬಾರ್ದಿತ್ತಾ? ನಾನು ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿಲ್ಲ," ಎಂದೆ.

"ಬಾಯಿಬಿಟ್ಟು ಹೇಳಿದ್ರೆ ನಿಮ್ಮಪ್ಪ ಇಲ್ಲೂ ಬಂದು ಹೊಗಳ್ತಿದ್ರು. ಆಮೇಲೆ ಇದೂ ಕೆಡ್ತಿತ್ತು."

ತುಂಗಮ್ಮ ಬಾಗಿಲಿಗೆ ಒರಗಿ ಕೂತುಬಿಟ್ಟಿದ್ದರು. ಮುಖದಲ್ಲಿ ಸಿಕ್ಕಿಬಿದ್ದ ನಾಚಿಕೆಯೂ ಇತ್ತು, ಏನೋ ಹಗುರವೂ ಇತ್ತು. "ಈ ಮನೆಗೆ ನಾನು ಹೇಳ್ಕೊಟ್ಟಿದ್ದಲ್ಲ ಮೇಷ್ಟ್ರೇ," ಎಂದರು. "ಸಾಕು ಬಿಡೇ ಅಂತ ನಾನೂ ಹೇಳ್ದೆ. ಕೇಳ್ಲಿಲ್ಲ. ಯಾರೂ ತಗೊಳ್ದೆ ಹೋದ್ರೆ ನಾನು ಬೀಗ ಹಾಕ್ಕೊಂಡು ಹೋಗ್ಬಿಡ್ತೀನೇನೋ ಅಂತ ಅದಕ್ಕೆ ಹೆದ್ರಿಕೆ."

ಚೂಡತ್ತೆ ಗೋಡೆಯ ಹೊಸ ಬಿರುಕೊಂದರ ಮೇಲೆ ಕೈಯಾಡಿಸಿದಳು. ಬೈಯಲು ಬಾಯಿ ತೆರೆದವಳು ಯಾಕೋ ಸುಮ್ಮನಾಗಿ, ತುಂಗಮ್ಮನವರ ಕಡೆ ತಿರುಗಿ, "ಹಾಲ್ ಎಷ್ಟು ಇಳಿದಿದೆಯೋ ರೇಟೂ ಅಷ್ಟು ಇಳಿಸ್ರಿ. ಮಿಕ್ಕಿದ್ದು ಆಮೇಲೆ ಜಗಳ ಆಡೋಣ," ಎಂದಳು. ತಾಂಬೂಲ ಬದಲಾದದ್ದು ಅಡುಗೆಮನೆಯಲ್ಲೇ. ಎಲ್ಲರೂ ನಿಲ್ಲಲು ಜಾಗವಿದ್ದದ್ದು ಅಲ್ಲಿ ಮಾತ್ರ.

ಈಗ ನಮ್ಮ ಹಾಲಿನಲ್ಲಿ ಚಪ್ಪಲಿ ಬಿಡುತ್ತೇವೆ. ಅತ್ತೆಗೆ ಬೀದಿ ಕಾಣುವ ಕಿಟಕಿ ಸಿಕ್ಕಿದೆ, ಕೂರಲು ಮಾತ್ರ ಒಂದು ಕಾಲು ಹೊರಗೆ ಹಾಕಬೇಕು. ನನ್ನ ಕೋಣೆಗೆ ಚಿಲಕ ಇದೆ, ಹಾಕಿಕೊಂಡ ಮೇಲೆ ತಿರುಗಿ ನಿಲ್ಲಲಾಗುವುದಿಲ್ಲ. ಓದುವುದು, ಜಗಳ, ಬಂದವರಿಗೆ ಕಾಫಿ, ಎಲ್ಲವೂ ಅಡುಗೆಮನೆಯಲ್ಲೇ. ಯಾರಾದರೂ ಗೇಟು ತೆಗೆದ ಸದ್ದಾದರೆ ಮನೆಗೆ ಇನ್ನೂ ಹಳೆಯ ಭಯ. ಗಬಕ್ಕನೆ ಹೊಟ್ಟೆ ಎಳೆದುಕೊಳ್ಳುತ್ತದೆ. ಅಮ್ಮ ಸೌಟಿನ ಹಿಡಿಯಿಂದ ಗೋಡೆಗೆ ಎರಡು ತಟ್ಟು ತಟ್ಟಿ, "ಯಾರೂ ಕೊಳ್ಳೋಕೆ ಬಂದಿಲ್ಲ, ಸುಮ್ನಿರು," ಎನ್ನುತ್ತಾಳೆ. ಅದು ಸಡಿಲಾಗುತ್ತದೆ.

ಅಮ್ಮನ ಬೆನ್ನು ದಿನದಿಂದ ದಿನಕ್ಕೆ ನೆಟ್ಟಗಾಗುತ್ತಿದೆ. ಹಾಗೆ ನೆಟ್ಟಗಾದ ಮೇಲೆ ಅವಳು ಅಪ್ಪನಿಗಿಂತ ಒಂದು ಗೇಣು ಎತ್ತರ ಎನ್ನುವುದು ಅಪ್ಪನಿಗೂ ಗೊತ್ತಾಗಿದೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಅವಳ ಪಕ್ಕಕ್ಕೆ ಬಂದು ನಿಂತಾಗ ಮಾತ್ರ ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದುಕೊಂಡು, ಹಿಮ್ಮಡಿಯನ್ನು ನೆಲದಿಂದ ಸ್ವಲ್ಪವೇ ಎತ್ತಿಕೊಂಡಿರುತ್ತಾನೆ. ಅಮ್ಮ ತಿರುಗಿಯೂ ನೋಡುವುದಿಲ್ಲ. ಸಾಸಿವೆ ಸಿಡಿಯುವುದನ್ನು ಕಾಯುತ್ತಾ, "ವಿಶ್ರಾಮ್," ಎನ್ನುತ್ತಾಳೆ.